ಎರಡು ಕೈ ಬೇಡುವ ಕೀಲಿ



ಕುವೈತಿನ ಕಚೇರಿಗಳಲ್ಲಿ ದುಡಿಯುವ ನಮ್ಮಲ್ಲನೇಕರ ದಿನವೆಲ್ಲ ಗಣಕಯಂತ್ರದ ಕೀಲಿಮಣೆಯ ಮುಂದೆಯೇ ಕಳೆಯುತ್ತದೆ. ಅದರಲ್ಲಿರುವ ಶಿಫ್ಟ್ ಕೀಲಿಯ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಆದರೆ ಒಂದೇ ಬೆರಳು ಆಡುವವರಿಗೆ, ಬಾಯಲ್ಲಿ ಕಡ್ಡಿ ಕಚ್ಚಿ ಕೀಲಿ ಒತ್ತುವವರಿಗೆ, ಆ ಕೀಲಿಯೇ ಉದ್ಯೋಗಕ್ಕೆ ಅಡ್ಡಗೋಡೆಯಾಗಿತ್ತು. ಆ ಗೋಡೆ ಎದ್ದ ಮತ್ತು ಉರುಳಿದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇನೆ.

1878ರ ರೆಮಿಂಗ್ಟನ್ 2ನೇ ಮಾದರಿಯ ಬೆರಳಚ್ಚು ಯಂತ್ರದೊಂದಿಗೆ ಶಿಫ್ಟ್ ಬಳಕೆಗೆ ಬಂತು. ಒಂದೇ ಕೀಲಿಯಲ್ಲಿ ಎರಡು ಅಕ್ಷರ ಕೂರಿಸುವ ಉಳಿತಾಯದ ಉಪಾಯವದು. ಒಂದು ಕೈ ಶಿಫ್ಟನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಅಕ್ಷರ ಕುಟ್ಟಬೇಕು. ಗಣಕಯಂತ್ರ ಇದನ್ನು ಪಿತ್ರಾರ್ಜಿತವಾಗಿ ಪಡೆದು, ಕಂಟ್ರೋಲ್, ಆಲ್ಟ್‌ಗಳನ್ನೂ ಸೇರಿಸಿಕೊಂಡಿತು.

ಕನ್ನಡಕ್ಕಂತೂ ಶಿಫ್ಟ್ ಇನ್ನೂ ಅನಿವಾರ್ಯ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ‘ಕ’ ಬರೆಯಲು ಒಂದು ಒತ್ತು ಸಾಕು. ‘ಖ’, ‘ಣ’, ‘ಳ’ಗಳಿಗೆ ಶಿಫ್ಟ್ ಬೇಕು. ಅದಿಲ್ಲದಿದ್ದರೆ ನಮ್ಮ ಹಳ್ಳಿ ಹಲ್ಲಿಯಾಗುತ್ತದೆ!

ಪರಿಹಾರದ ಯತ್ನ ಹಳೆಯದು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ರೆಜ್ ಮೇಲಿಂಗ್ ಅವರು ‘ಪಾಸಮ್’ ಎಂಬ ಸಾಧನ ರೂಪಿಸಿದರು. ಕೊಳವೆಯಲ್ಲಿ ಉಸಿರು ಊದಿ, ಹೀರಿ ರೋಗಿಯು ಬೆರಳಚ್ಚು ಯಂತ್ರವನ್ನೂ ನಡೆಸಬಹುದಾಗಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಗ್ರೆಗ್ ವಾಂಡರ್‌ಹೈಡೆನ್ ಆರಂಭಿಸಿದ ಕೆಲಸವು ಟ್ರೇಸ್ ಕೇಂದ್ರವಾಗಿ ಬೆಳೆಯಿತು. ಶಿಫ್ಟನ್ನು ಒತ್ತಿ ಬಿಟ್ಟರೂ ಮುಂದಿನ ಅಕ್ಷರದವರೆಗೆ ಯಂತ್ರವೇ ಅದನ್ನು ನೆನಪಿಟ್ಟುಕೊಳ್ಳುವ ‘ಸ್ಟಿಕಿ ಕೀಸ್’ 1987ರಲ್ಲಿ ಮ್ಯಾಕಿಂಟಾಷ್‌ನಲ್ಲಿ ಬಂತು. ಟ್ರೇಸ್ ಕೇಂದ್ರ ರೂಪಿಸಿದ ಇಂಥ ಸೌಲಭ್ಯಗಳು ವಿಂಡೋಸ್ 95ರೊಳಗೇ ಸೇರಿದವು. ಅಲ್ಲಿಂದ ಮುಂದೆ ಇದಕ್ಕಾಗಿ ಬೇರೆ ಯಂತ್ರ ಕೊಳ್ಳಬೇಕಾಗಲಿಲ್ಲ.

ಯಂತ್ರವನ್ನು ಮನುಷ್ಯನಿಗೆ ಹೊಂದಿಸುವುದು ಕುವೈತಿಗೆ ಹೊಸ ವಿಚಾರವಲ್ಲ. 1982ರಲ್ಲಿ ಮೊಹಮ್ಮದ್ ಅಲ್ ಶಾರೆಖ್ ಇಲ್ಲಿ ಸ್ಥಾಪಿಸಿದ ಸಖರ್ ಸಂಸ್ಥೆ ಗಣಕಯಂತ್ರಕ್ಕೆ ಅರಬ್ಬಿ ಕಲಿಸಿತು. ಭಾಷೆಗೆ ಬಗ್ಗಿದ ಯಂತ್ರ ದೇಹಕ್ಕೂ ಬಗ್ಗಬಲ್ಲದು. ಅಂಗವಿಕಲರ ಹಕ್ಕುಗಳನ್ನು ಕುರಿತ 2010ರ 8ನೇ ಕಾನೂನು, 50 ಅಥವಾ ಹೆಚ್ಚು ಕುವೈತಿ ನೌಕರರಿರುವ ಸಂಸ್ಥೆಗಳು ಶೇಕಡಾ 4ರಷ್ಟಾದರೂ ಅಂಗವಿಕಲರನ್ನು ನೇಮಿಸಿಕೊಳ್ಳಬೇಕೆಂದು ವಿಧಿಸಿತು. ನಮ್ಮ ಬೆಂಗಳೂರಿನಲ್ಲಿ 1959ರಲ್ಲೇ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯನ್ನು ಕಟ್ಟಿದರು, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಉದ್ಯೋಗಕ್ಕಾಗಿ ತರಬೇತಿ ನೀಡುತ್ತ ಬಂದಿದೆ.

ಆದರೆ ಕಾನೂನು ಕುರ್ಚಿ ಕೊಡಿಸಬಹುದು, ಕೆಲಸ ಮಾಡಿಸಲಾರದು. ಕುರ್ಚಿಯ ಮುಂದಿನ ಯಂತ್ರವನ್ನು ಸಿದ್ಧಪಡಿಸುವವರು, ಮೇಲ್ವಿಚಾರಣೆ ನಡೆಸುವವರು ಎಷ್ಟೋ ಕಡೆ ನಾವೇ. ವಿಂಡೋಸ್‌ನಲ್ಲಿ ಶಿಫ್ಟನ್ನು ಸತತ ಐದು ಬಾರಿ ಒತ್ತಿದರೆ ಸ್ಟಿಕಿ ಕೀಸ್ ಬೇಕೇ ಎಂದು ಯಂತ್ರ ಕೇಳುತ್ತದೆ. ಇದೇನು ಕಾಟವೆಂದು ನಾವು ಅದನ್ನು ಮುಚ್ಚಿಬಿಡುತ್ತೇವೆ. ಮುಂದಿನ ಸಲ ಮುಚ್ಚುವ ಮುನ್ನ, ಆ ಪ್ರಶ್ನೆ ಯಾರಿಗಾಗಿ ಹುಟ್ಟಿತೆಂಬುದು ನೆನಪಾಗಲಿ. ಅಂಥವರೊಬ್ಬರು ನಮ್ಮ ಕಚೇರಿಗೆ ಬಂದ ದಿನ, ಅವರು ಕೇಳುವ ಮೊದಲೇ ಅದನ್ನು ತೆರೆದಿಟ್ಟಿರೋಣ.