ನಾಸಿಕ ಸೂಚ್ಯಂಕ

ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ ಸಂಖ್ಯೆ. 70ಕ್ಕಿಂತ ಕಡಿಮೆಯಿದ್ದರೆ ನೀಳ ಮೂಗು, 85 ದಾಟಿದರೆ ಅಗಲ ಮೂಗು, ನಡುವಿನದು ಮಧ್ಯಮ. ಜನಾಂಗಗಳನ್ನು ವಿಂಗಡಿಸಲು 19ನೆಯ ಶತಮಾನದ ಫ್ರೆಂಚ್ ಮಾನವಶಾಸ್ತ್ರಜ್ಞರು ರೂಢಿಗೆ ತಂದ ಈ ಅಳತೆ ಭಾರತದಲ್ಲಿ ಜಾತಿಯ ಹುಟ್ಟನ್ನು ವಿವರಿಸುವ ಕೆಲಸಕ್ಕೆ ಬಿತ್ತು.

ಅದನ್ನು ಹಾಗೆ ಬಳಸಿದವನು ಬಂಗಾಳದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ. ಮೂಗು ಅಗಲವಾದಷ್ಟೂ ಜಾತಿಯ ಅಂತಸ್ತು ಕೆಳಗೆ ಎಂಬುದು ಈತನ ಸೂತ್ರ. ಆರ್ಯ ರಕ್ತದ ಪಾಲು ಎಷ್ಟೆಂಬುದನ್ನು ಮೂಗೇ ಹೇಳುತ್ತದೆ ಎಂದು ನಂಬಿದ್ದ. 1901ರ ಜನಗಣತಿಯ ಆಯುಕ್ತನಾಗಿ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಪಟ್ಟಿ ಮಾಡಿಸಿದಾಗ, ತಮ್ಮನ್ನು ಮೇಲಕ್ಕೆ ಸೇರಿಸಿರೆಂದು ಜಾತಿ ಸಂಘಗಳ ಅರ್ಜಿಗಳು ರಾಶಿ ಬಿದ್ದವು. ಅರ್ಜಿ ಗುಜರಾಯಿಸಿ ಪಡೆಯಬಹುದಾದ ಅಂತಸ್ತು ಮೂಗಿನಲ್ಲಿ ಹೇಗೆ ಕಂಡೀತೆಂಬ ಪ್ರಶ್ನೆ ಈತನನ್ನು ಕಾಡಿದಂತಿಲ್ಲ. 1908ರ ‘ದ ಪೀಪಲ್ ಆಫ್ ಇಂಡಿಯಾ’ದಲ್ಲಿ ಭಾರತೀಯರನ್ನು ಏಳು ಬಗೆಯಾಗಿ ವಿಂಗಡಿಸಿ, ಕೊಡವರನ್ನು ಮರಾಠಿ ಬ್ರಾಹ್ಮಣರು ಮತ್ತು ಕುಣಬಿಗಳ ಜೊತೆ ‘ಸಿಥೋ-ದ್ರಾವಿಡ’ ಗುಂಪಿಗೆ ಹಾಕಿದ.

ದೇಹದ ಅಳತೆಗಳು ಜನಾಂಗಕ್ಕೆ ತಕ್ಕಂತೆ ಸ್ಥಿರ ಎಂಬ ನಂಬಿಕೆಯ ಬುಡ ಅಲ್ಲಾಡಿದ್ದು ಬೇರೆಡೆಯಿಂದ. ಅಮೆರಿಕಕ್ಕೆ ವಲಸೆ ಬಂದವರಿಗೆ ಅಲ್ಲಿಯೇ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆತಾಯಿಯರದಕ್ಕಿಂತ ಬದಲಾಗುತ್ತದೆಂದು ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಸುಮಾರು 18,000 ಜನರನ್ನು ಅಳೆದು ತೋರಿಸಿದರು. ಮೂಗಿನ ಅಗಲ ಹವಾಮಾನದೊಂದಿಗೆ ಹೊಂದಿಕೊಂಡು ಬರುತ್ತದೆಂದು 1923ರಲ್ಲಿ ಥಾಮ್ಸನ್ ಮತ್ತು ಬಕ್ಸ್‌ಟನ್ ಹೇಳಿದರು.

ಭಾರತದಲ್ಲಿ ರಿಸ್ಲೆಯ ಲೆಕ್ಕವನ್ನು ಮತ್ತೆ ಕೂಡಿಸಿ ನೋಡಿದವರು ಮುಂಬಯಿಯ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ. ಇಂದಿನ ಉತ್ತರ ಪ್ರದೇಶದ ಸೀಮೆಯನ್ನು ಬಿಟ್ಟರೆ ಮೂಗಿಗೂ ಜಾತಿಯ ಅಂತಸ್ತಿಗೂ ತಾಳೆಯಿಲ್ಲವೆಂದು 1932ರಲ್ಲಿ ಬರೆದರು. ಅವರ ಅಂಕಿಗಳನ್ನೇ ಎತ್ತಿಕೊಂಡು ಅಂಬೇಡ್ಕರ್ 1948ರ ‘ದ ಅನ್‌ಟಚಬಲ್ಸ್’ನಲ್ಲಿ ಇನ್ನೂ ಮುಂದೆ ಹೋದರು: ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರು, ಅಸ್ಪೃಶ್ಯತೆಗೆ ಜನಾಂಗ ಕಾರಣವಲ್ಲ. ರಿಸ್ಲೆಯ ಆಯುಧವನ್ನೇ ರಿಸ್ಲೆಯ ಮೇಲೆ ತಿರುಗಿಸಿದ ಈ ವಾದದಷ್ಟು ಹರಿತವಾದದ್ದು ಈ ವಿಷಯದಲ್ಲಿ ಇನ್ನೊಂದಿಲ್ಲ.

ಘುರ್ಯೆ ಅವರ ಶಿಷ್ಯ, ಮೈಸೂರಿನ ಎಂ. ಎನ್. ಶ್ರೀನಿವಾಸ್ ಕೊಡವರನ್ನು ಅಧ್ಯಯನ ಮಾಡಿದಾಗ ಮೂಗಿನ ಗೋಜಿಗೇ ಹೋಗಲಿಲ್ಲ. 1952ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿರುವುದು ಒಕ್ಕ ಎಂಬ ಕೂಡುಕುಟುಂಬ, ಮಡಿಮೈಲಿಗೆ, ಹಬ್ಬ, ಪೂಜೆ. ಕೆಳಜಾತಿಯೊಂದು ಮಾಂಸ ಮದ್ಯ ಬಿಟ್ಟು, ಆಚರಣೆ ಬದಲಿಸಿ ಒಂದೆರಡು ತಲೆಮಾರಿನಲ್ಲಿ ಮೇಲೇರಬಲ್ಲದು ಎಂಬ ‘ಸಂಸ್ಕೃತೀಕರಣ’ದ ವಿಚಾರ ಬಂದದ್ದು ಈ ಪುಸ್ತಕದಲ್ಲೇ. ಮೂಗು ಅಷ್ಟು ಬೇಗ ಬದಲಾಗದು.

ಈ ಅಳತೆಗೆ ಈಗ ಉಪಯೋಗವಿರುವುದು ಮುಖ್ಯವಾಗಿ ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಮತ್ತು ವಿಧಿವಿಜ್ಞಾನದಲ್ಲಿ.