ಆನೆಕಾಲು ರೋಗದ ಸಮನ್ವಯ ಚಿಕಿತ್ಸೆ

ಆನೆಕಾಲು ರೋಗದಿಂದ ಕಾಯಮ್ಮಾಗಿ ಬಾತುಕೊಂಡ ಕಾಲನ್ನು ಆಧುನಿಕ ಚರ್ಮವೈದ್ಯಕೀಯ, ಆಯುರ್ವೇದ ಮತ್ತು ಯೋಗಗಳನ್ನು ಕೂಡಿಸಿ ನಿಭಾಯಿಸುವ ಪದ್ಧತಿ. 1999ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದನ್ನು ರೂಪಿಸಿತು. ಚರ್ಮವೈದ್ಯ ಡಾ. ಎಸ್. ಆರ್. ನರಹರಿ ಇದರ ಮುಂದಾಳು. ಆಕ್ಸ್‌ಫರ್ಡ್‌ನ ಚರ್ಮವೈದ್ಯ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಸಂಶೋಧನೆಯಲ್ಲಿ ಜೊತೆಗೂಡಿದವರು. ರೋಗವನ್ನು ಬುಡಸಮೇತ ಕಿತ್ತುಹಾಕುತ್ತೇವೆ ಎಂಬ ಮಾತು ಇಲ್ಲಿಲ್ಲ. ಊತ ಇಳಿಯಬೇಕು, ಮತ್ತೆ ಮತ್ತೆ ಬರುವ ಜ್ವರ ನಿಲ್ಲಬೇಕು, ರೋಗಿ ತನ್ನ ಕಾಲನ್ನು ಮನೆಯಲ್ಲೇ ನೋಡಿಕೊಳ್ಳುವಂತಾಗಬೇಕು. ಗುರಿ ಇಷ್ಟೇ.

ಭಾರತದಲ್ಲಿ ಈ ರೋಗಕ್ಕೆ ಬಹುಮಟ್ಟಿಗೆ ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದರ ಮರಿಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುತ್ತದೆ. ಬೆಳೆದ ಹುಳುಗಳು ಅಂಗಾಂಶದ ದ್ರವವನ್ನು ಸಾಗಿಸುವ ದುಗ್ಧನಾಳಗಳಲ್ಲಿ (ಲಿಂಫ್ ನಾಳ) ವರ್ಷಗಟ್ಟಲೆ ನೆಲೆಸಿ ನಾಳಗಳನ್ನು ಸಡಿಲಗೊಳಿಸುತ್ತವೆ. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಮೂರು ಜಿಲ್ಲೆಗಳಲ್ಲಿ ರೋಗ ಬೇರೂರಿತ್ತು. ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಮಾತ್ರೆಗಳನ್ನು ಊರಿಗೆ ಊರೇ ನುಂಗುವಂತೆ ಮಾಡುವ ಸಾಮೂಹಿಕ ಕಾರ್ಯಕ್ರಮ ರೋಗ ಹರಡುವುದನ್ನು ತಡೆಯುತ್ತದೆ. ಆದರೆ ಒಮ್ಮೆ ಕೆಟ್ಟ ನಾಳ ಮಾತ್ರೆಯಿಂದ ಮೊದಲಿನಂತಾಗುವುದಿಲ್ಲ. ರಕ್ತದಲ್ಲಿ ಹುಳುವಿನ ಸುಳಿವೇ ಇಲ್ಲದವರ ಕಾಲೂ ದಪ್ಪವಾಗುತ್ತಲೇ ಹೋಗುವುದುಂಟು. ಸಮನ್ವಯ ಚಿಕಿತ್ಸೆಗೆ ಕೆಲಸವಿರುವುದು ಇಲ್ಲಿ.

ಕಾಲು ದಪ್ಪವಾಗುತ್ತ ಹೋಗಲು ಹುಳುವಿಗಿಂತ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ದ್ರವ ಸರಿಯಾಗಿ ಹರಿಯದ ಕಾಲಿನ ಚರ್ಮ ಸೋಂಕನ್ನು ತಡೆದುಕೊಳ್ಳಲಾರದು. ಬೆರಳ ಸಂದಿಯ ಶಿಲೀಂಧ್ರದ ಹುಣ್ಣು, ಹಿಮ್ಮಡಿಯ ಬಿರುಕು, ಕೆರೆದ ಗಾಯ, ಯಾವುದಾದರೊಂದು ಕಿಂಡಿ ಸಿಕ್ಕರೆ ಸಾಕು: ಚಳಿಜ್ವರ ಬರುತ್ತದೆ, ಕಾಲು ಕೆಂಪಾಗಿ ಉರಿಯುತ್ತದೆ, ರೋಗಿ ಕೆಲವು ದಿನ ಹಾಸಿಗೆ ಹಿಡಿಯುತ್ತಾರೆ. ಪ್ರತಿ ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ. ಕೂಲಿ ಮಾಡಿ ಬದುಕುವವರಿಗೆ ಕಾಲಿನ ಗಾತ್ರಕ್ಕಿಂತ ಈ ದಿನಗಳೇ ಹೆಚ್ಚಿನ ಹೊರೆ.

ಆಯುರ್ವೇದದಲ್ಲಿ ಈ ರೋಗವನ್ನು ಶ್ಲೀಪದ ಎಂಬ ಹೆಸರಿನಡಿ ವಿವರಿಸಲಾಗಿದೆ. ನಿಂತ ಹಳೆಯ ನೀರು ಹೆಚ್ಚಿರುವ, ಎಲ್ಲ ಋತುಗಳಲ್ಲೂ ತಂಪಾಗಿರುವ ಸೀಮೆಗಳಲ್ಲಿ ಇದು ಹೆಚ್ಚು ಎಂದು ಸುಶ್ರುತ ಸಂಹಿತೆಯ ನಿದಾನಸ್ಥಾನ ಹೇಳುತ್ತದೆ. ಸೊಳ್ಳೆಯ ಪಾತ್ರ ಗೊತ್ತಿಲ್ಲದ ಕಾಲದ ಈ ಗಮನಿಕೆ ಮೆಚ್ಚುವಂಥದ್ದೇ. ಹಾಗೆಂದು ಅದರಲ್ಲಿ ಹುಳುವಿನ ಅರಿವನ್ನೂ ಹುಡುಕಹೊರಡುವುದು ಅತಿಯಾದೀತು. ವರ್ಷ ದಾಟಿದ ಶ್ಲೀಪದವನ್ನು ಅದೇ ಗ್ರಂಥ ಅಸಾಧ್ಯವೆಂದು ಬದಿಗಿಟ್ಟಿತ್ತು. ಕಾಸರಗೋಡಿನ ಪದ್ಧತಿ ಕೈಹಾಕಿದ್ದು ಬಹುಪಾಲು ಅಂಥ ಹಳೆಯ ಕಾಲುಗಳಿಗೇ.

ಚಿಕಿತ್ಸೆ ಶುರುವಾಗುವುದು ಸಾಬೂನು ನೀರಿನಿಂದ. ಕಾಲನ್ನು ಮಡಿಕೆ ಮಡಿಕೆ ಬಿಡಿಸಿ ತೊಳೆದು, ಬೆರಳ ಸಂದಿಯ ತೇವವನ್ನು ಪೂರ್ತಿ ಒರೆಸಬೇಕು. ತೇವ ಉಳಿದರೆ ತೊಳೆದೂ ಉಪಯೋಗವಿಲ್ಲ. ಆಮೇಲೆ ಮೂಲಿಕೆಗಳ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ಫಾಂಟದಲ್ಲಿ ಕಾಲನ್ನು ಅದ್ದಿಡುತ್ತಾರೆ. ಯಾವ ಮೂಲಿಕೆ ಎಂಬುದನ್ನು ಆಯುರ್ವೇದ ವೈದ್ಯರು ದೋಷ ಮತ್ತು ಚರ್ಮದ ಸ್ಥಿತಿ ನೋಡಿ ಗೊತ್ತುಮಾಡುತ್ತಾರೆ. ಸೋಂಕಿನ ಕಿಂಡಿಗಳನ್ನು ಗುರುತಿಸಿ ಮುಲಾಮು, ಅಗತ್ಯವಿದ್ದರೆ ಆ್ಯಂಟಿಬಯಾಟಿಕ್ ಕೊಡುವ ಹೊಣೆ ಚರ್ಮವೈದ್ಯರದು. ಒಂದೇ ಕಾಲನ್ನು ಇಬ್ಬರೂ ತಮ್ಮ ತಮ್ಮ ಶಾಸ್ತ್ರದ ಕಣ್ಣಿನಿಂದ ನೋಡಿ ಒಂದೇ ಕಡತದಲ್ಲಿ ಬರೆಯುವುದು ಈ ಪದ್ಧತಿಯ ನಿಜವಾದ ಹೊಸತನ ಎನ್ನಬಹುದು.

ನಂತರ ಎಣ್ಣೆ ಹಚ್ಚಿ ಹಗುರವಾಗಿ ನೀವುವುದು. ಡೆನ್ಮಾರ್ಕಿನ ಎಮಿಲ್ ವೊಡರ್ 1930ರ ದಶಕದಲ್ಲಿ ರೂಪಿಸಿದ ದುಗ್ಧರಸ ನೀವಿಕೆಗೆ ತರಬೇತಾದ ಕೈಗಳು ಬೇಕು. ಇಲ್ಲಿಯದನ್ನು ಮನೆಯವರೇ ಮಾಡಬಹುದಾದಷ್ಟು ಸರಳಗೊಳಿಸಲಾಗಿದೆ. ಇದರ ಜೊತೆಗೆ ಮಾಡಿಸುವ ಯೋಗಾಸನ, ಉಸಿರಾಟಗಳ ಪಾತ್ರಕ್ಕೆ ಶರೀರಶಾಸ್ತ್ರದ ಆಧಾರವಿದೆ. ದುಗ್ಧರಸವನ್ನು ತಳ್ಳಲು ಹೃದಯದಂಥ ಅಂಗವಿಲ್ಲ. ನಾಳಗಳು ತಾವೇ ಸಂಕುಚಿಸಬೇಕು, ಮೀನಖಂಡದ ಸ್ನಾಯುಗಳು ಒತ್ತಬೇಕು, ಆಳವಾದ ಉಸಿರಾಟದಲ್ಲಿ ಎದೆಗೂಡಿನ ಒತ್ತಡ ಏರಿಳಿದು ರಸವನ್ನು ಮೇಲಕ್ಕೆಳೆಯಬೇಕು. ಕೊನೆಯದಾಗಿ ಬೆರಳ ಬುಡದಿಂದ ಮೇಲಕ್ಕೆ ಬ್ಯಾಂಡೇಜು ಸುತ್ತುತ್ತಾರೆ, ಕೆಳಗೆ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಬಿಗಿ ತಪ್ಪಿದರೆ ಸುತ್ತಿನ ಮೇಲಂಚಿನಲ್ಲಿ ಊತ ಕಟ್ಟಿಕೊಳ್ಳುತ್ತದೆ.

ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ಸಮುದಾಯದ ಮಟ್ಟದಲ್ಲಿ ಇದನ್ನು ಪ್ರಯೋಗಿಸಿ, ಊತ ಮತ್ತು ಜ್ವರದ ಸರದಿಗಳು ತಗ್ಗಿದ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು. ಆದರೆ ಅದು ಚೀಟಿ ಎತ್ತಿದಂತೆ ಗುಂಪು ವಿಂಗಡಿಸಿ ಹೋಲಿಸಿದ ಅಧ್ಯಯನವಲ್ಲ. ತೊಳೆಯುವುದು, ಫಾಂಟ, ನೀವಿಕೆ, ಆಸನ, ಬ್ಯಾಂಡೇಜು ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಅದರಿಂದ ತಿಳಿಯದು. ಯಾದೃಚ್ಛಿಕ ಹೋಲಿಕೆ ನಡೆದದ್ದು ಇಥಿಯೋಪಿಯಾದಲ್ಲಿ, ಅದೂ ಹುಳುವಿಲ್ಲದ ಇನ್ನೊಂದು ಬಗೆಯ ಆನೆಕಾಲಿನಲ್ಲಿ: ಜ್ವಾಲಾಮುಖಿಯ ಕೆಂಪು ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಯುವವರಿಗೆ ಬರುವ ಪೋಡೋಕೋನಿಯೋಸಿಸ್. 696 ಜನರ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೊಳೆತ, ಮುಲಾಮು, ಬ್ಯಾಂಡೇಜು, ಶೂ ಪಡೆದವರಿಗೆ ವರ್ಷಕ್ಕೆ ಸರಾಸರಿ 19.4 ಸಲ ಕಾಲು ಕೆರಳಿದರೆ, ಇನ್ನೂ ಪಡೆಯದವರಿಗೆ 23.9 ಸಲ. ಸದ್ಯಕ್ಕೆ ಸಾಬೂನಿಗಿರುವಷ್ಟು ಗಟ್ಟಿ ಪುರಾವೆ ಮೂಲಿಕೆಗಿಲ್ಲ. ಸರ್ಕಾರ ರೋಗಿಗಳಿಗೆ ಹಂಚುವ ಕಿಟ್‌ನಲ್ಲೂ ಇರುವುದು ಟಬ್ಬು, ಮಗ್ಗು, ಸಾಬೂನು, ಟವೆಲು, ಮುಲಾಮು.

ಜ್ವರ ಬಂದ ದಿನಗಳಲ್ಲಿ ನೀವಿಕೆ, ಆಸನ, ಬ್ಯಾಂಡೇಜು ಮೂರನ್ನೂ ನಿಲ್ಲಿಸಿ, ಕಾಲನ್ನು ತಣ್ಣೀರಿನಲ್ಲಿ ತಂಪು ಮಾಡಿ, ವೈದ್ಯರಿಂದ ಔಷಧ ಪಡೆಯಬೇಕು. ಹೃದಯದ ದೌರ್ಬಲ್ಯ ಇರುವವರಿಗೆ, ಕಾಲಿನ ಅಪಧಮನಿ ಕಟ್ಟಿಕೊಂಡವರಿಗೆ ಬಿಗಿ ಬ್ಯಾಂಡೇಜು ಅಪಾಯಕಾರಿ. ಬರೆ ಹಾಕಿಸುವುದು, ಕೊಯ್ದು ನೀರು ಇಳಿಸುವುದು ಸೋಂಕಿಗೆ ಹೊಸ ಕಿಂಡಿ ತೆರೆಯುತ್ತವೆ. ಇದೇ ರೋಗದಿಂದ ಗಂಡಸರಿಗೆ ಬರುವ ಹೈಡ್ರೋಸೀಲ್ ಈ ಚಿಕಿತ್ಸೆಗೆ ಬಗ್ಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.