ಯೆಜ್ಡಿಯ ರಬ್ಬರ್: ಕಾರ್ಖಾನೆ ಮುಚ್ಚಿದ ಮೇಲಿನ ಕಥೆ

ಇವತ್ತು ನಾನು ಮಾತಾಡೋದು ಒಂದು ಹಳೇ ಬೈಕಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದರೊಳಗಿನ ರಬ್ಬರ್ ಚೂರುಗಳ ಬಗ್ಗೆ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1961ರಲ್ಲಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು. ಮೊದಲು ಜಾವಾ, 1970ರ ದಶಕದಲ್ಲಿ ಯೆಜ್ಡಿ, 1978ರಿಂದ ರೋಡ್‌ಕಿಂಗ್. ಮೈಸೂರು ದಾಟಿದರೆ ಸಿಗೋದೇ ಶ್ರೀರಂಗಪಟ್ಟಣ. ಅಲ್ಲಿಂದ ಪಾಂಡವಪುರ, ಕೆ.ಆರ್. ಪೇಟೆಯ ಕಬ್ಬಿನ ಗದ್ದೆಗಳು, ನಾಗಮಂಗಲದ ರಾಗಿ ಹೊಲಗಳು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಎಲ್ಲವನ್ನೂ ಈ ಗಾಡಿ ಹೊತ್ತಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಗಾಡಿಗಳು ನಿಲ್ಲಲಿಲ್ಲ.

ಕಬ್ಬಿಣ ಬೇಗ ಸಾಯಲ್ಲ. ಮೊದಲು ಹೋಗೋದು ರಬ್ಬರ್. ಬಿಸಿಲು, ಎಣ್ಣೆ ತಾಗಿ ಬಿರುಕು ಬಿಡುತ್ತೆ. ಫುಟ್‌ರೆಸ್ಟ್ ರಬ್ಬರ್ ಹೋದರೆ ಕಾಲು ಜಾರುತ್ತೆ. ಆದರೆ ಹಿಂದಿನ ಚಕ್ರದ ಹಬ್ಬಿನೊಳಗಿನ ರಬ್ಬರ್ ಸವೆದರೆ ಎಂಜಿನ್ನಿನ ಎಳೆತವೆಲ್ಲ ನೇರ ಚೈನಿಗೆ ಬಡಿಯುತ್ತೆ. ಚೈನನ್ನು ಮುಚ್ಚೋ ರಬ್ಬರ್ ಕೊಳವೆ ಹರಿದರೆ ಗದ್ದೆಯ ಕೆಸರು ಒಳಗೆ ಬರುತ್ತೆ.

ಸರಿ, ಹಳೇ ರಬ್ಬರನ್ನೇ ಕರಗಿಸಿ ಅಚ್ಚಿಗೆ ಹೊಯ್ಯಬಹುದಲ್ಲ? ಆಗಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸೋ ದಾರಿ ಕಂಡುಕೊಂಡ. ಅದರಿಂದ ರಬ್ಬರಿಗೆ ಬಾಳಿಕೆ ಬಂತು. ಆದರೆ ಹಾಗೆ ಒಮ್ಮೆ ಬೆಂದ ರಬ್ಬರ್ ಮತ್ತೆ ಕರಗಲ್ಲ, ಸುಟ್ಟುಹೋಗುತ್ತೆ. ಬೆಂದ ಮುದ್ದೆ ಮತ್ತೆ ಹಿಟ್ಟಾಗಲ್ಲವಲ್ಲ, ಹಾಗೆ.

ಉಳಿದಿದ್ದು ಒಂದೇ ದಾರಿ: ಕುಯ್ಯೋದು. ಹಳೇ ಟೈರಲ್ಲಿ ಚಪ್ಪಲಿ, ಬಕೆಟ್ ಮಾಡಿಕೊಂಡ ಊರುಗಳಿಗೆ ಅದೇನು ಹೊಸದಲ್ಲ. ಅಳತೆಗೆ ಹಾಳಾದ ಚೂರೇ ಮಾದರಿ. ಚಾಕುವಿಗೆ ಸೋಪಿನ ನೀರು ಬೇಕು, ಒಣ ಅಲಗು ರಬ್ಬರಲ್ಲಿ ಕಚ್ಚಿಕೊಳ್ಳುತ್ತೆ. ತೂತಿಗೆ ಅಂಚು ಮಸೆದ ಪೈಪು, ಮೇಲೊಂದು ಸುತ್ತಿಗೆ ಏಟು. ತೆಳು ವಾಷರಿಗೆ ಹಳೇ ಟ್ಯೂಬು; ದಪ್ಪ ಬೇಕಾದರೆ ಪಂಚರ್ ಸಲ್ಯೂಷನ್ ಹಚ್ಚಿ ಪದರದ ಮೇಲೆ ಪದರ.

ಇದಕ್ಕೂ ಮಿತಿ ಇದೆ. ಟ್ಯೂಬಿನ ರಬ್ಬರ್ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತೆ, ಸೋರುತ್ತೆ. ಅಲ್ಲಿಗೆ ನೈಟ್ರೈಲ್ ವಾಷರೇ ಬೇಕು. ಕ್ರ್ಯಾಂಕ್ ಸೀಲನ್ನಂತೂ ಕೈಯಲ್ಲಿ ಮಾಡೋಕೆ ಹೋಗಬೇಡಿ. ಗಾಳಿ ಒಳಗೆ ಎಳೆದುಕೊಂಡರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿತು. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು, ಹಳೇ ಟೂ ಸ್ಟ್ರೋಕಿಗೂ ಅವಕ್ಕೂ ಹೆಸರಷ್ಟೇ ನಂಟು.

ಈ ಬೈಕಿನ ಇತಿಹಾಸ ಬರೆಯೋರು ಸಾಮಾನ್ಯವಾಗಿ 1996ಕ್ಕೆ ಪುಟ ಮುಗಿಸ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತೆ. ಕಾರ್ಖಾನೆ ಗಾಡಿ ಹುಟ್ಟಿಸಿದ್ದು 35 ವರ್ಷ. ಆಮೇಲೆ ಅದನ್ನು ಬದುಕಿಸಿದವರು ಪಂಚರ್ ಅಂಗಡಿಯವರು, ಮೆಕ್ಯಾನಿಕ್‌ಗಳು, ಹಿತ್ತಲಲ್ಲಿ ಕೂತು ಟೈರು ಕುಯ್ದ ರೈತರು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವರು ಕುಯ್ದ ಮಾದರಿ ಚೂರುಗಳು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ. ಅಳತೆ ಬರೆದಿಡಿ, ಯಾರು ಮಾಡಿದ್ದು ಅನ್ನೋದನ್ನೂ ಬರೆದಿಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.